ಉಮ್ಮನ ಬಾಕಿ

ಜನಾಝಾ ನಮಾಝಿಗೆ ಮುನ್ನ ನಮ್ಮ ಕಡೆ ಒಂದು ಪದ್ಧತಿಯಿದೆ. ಮಯ್ಯಿತ್ತನ್ನು ಮುಂದಿಟ್ಟು ಸಾಲಾಗಿ ನಿಂತ ಜನರೆದುರು ಮನೆಯ ಹಿರಿಯ ಮಗ ಒಂದು ಮಾತು ಹೇಳಬೇಕು. ತೀರಿಕೊಂಡವರು ಯಾರಿಗಾದರೂ ಏನಾದರೂ ಕೊಡಲು ಬಾಕಿಯಿದ್ದರೆ ನಮಗೆ ತಿಳಿಸಿ, ನಾವು ತೀರಿಸುತ್ತೇವೆ. ಅವರ ಮಾತಿನಿಂದಲೋ ನಡೆಯಿಂದಲೋ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ. ಕಳೆದ ವರ್ಷ ನಮ್ಮ ಉಮ್ಮ ತೀರಿಕೊಂಡಾಗ ಅಣ್ಣ ಈ ಮಾತನ್ನು ಹೇಳಿದರು. ಯಾರೂ ಮುಂದೆ ಬರಲಿಲ್ಲ. ಸಾಲವಿಟ್ಟು ಹೋಗುವ ಹೆಂಗಸಲ್ಲ ನಮ್ಮ ಉಮ್ಮ ಎಂದು ನಾವು ಮನಸ್ಸಿನಲ್ಲೇ ಸಮಾಧಾನಪಟ್ಟೆವು.

ಮೂರನೆಯ ದಿನ ಪೇಟೆಯ ದಿನಸಿ ಅಂಗಡಿಯವರು ಮನೆಗೆ ಬಂದರು. ಅವರು ಮುಸ್ಲಿಮರಲ್ಲ, ಮಸೀದಿಯ ಅಂಗಳದಲ್ಲಿ ಅಣ್ಣ ಹೇಳಿದ್ದನ್ನು ಕೇಳಿದವರೂ ಅಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಏಳುವಾಗ ಕಿಸೆಯಿಂದ 120 ರೂಪಾಯಿ ತೆಗೆದು ಅಣ್ಣನ ಕೈಯಲ್ಲಿಟ್ಟರು. "ಹೋದ ತಿಂಗಳು ನಿಮ್ಮ ತಾಯಿ ಹನ್ನೆರಡು ಊರ ಕೋಳಿ ಮೊಟ್ಟೆ ಕೊಟ್ಟಿದ್ದರು. ದುಡ್ಡು ಆಮೇಲೆ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಅದು ನನ್ನಲ್ಲೇ ಉಳಿದಿದೆ" ಎಂದರು. ಬೇಡವೆಂದರೂ ಕೇಳಲಿಲ್ಲ.

ಆ 120 ರೂಪಾಯಿ ಅಂದಿನಿಂದ ನಮ್ಮನ್ನು ಕಾಡುತ್ತಿದೆ. ತೀರಿಕೊಂಡವರು ಯಾರಿಗೆ ಬಾಕಿ ಎಂದು ನಾವು ಸಾರ್ವಜನಿಕವಾಗಿ ಕೇಳುತ್ತೇವೆ. ತೀರಿಕೊಂಡವರಿಗೆ ಯಾರು ಬಾಕಿ ಎಂದು ಯಾರೂ ಕೇಳುವುದಿಲ್ಲ. ಸತ್ತವರು ಕೊಡಬೇಕಾದ ಸಾಲದಂತೆಯೇ ಸತ್ತವರಿಗೆ ಬರಬೇಕಾದ ಸಾಲವೂ ಲೆಕ್ಕಕ್ಕೆ ಸೇರುತ್ತದೆ, ಅದೂ ಅವರು ಬಿಟ್ಟುಹೋದ ಆಸ್ತಿಯೇ ಎಂಬುದು ಧರ್ಮಶಾಸ್ತ್ರ ಬಲ್ಲವರಿಗೆಲ್ಲ ಗೊತ್ತು. ಅಂಗಡಿಯವರು ಲೆಕ್ಕ ಇಟ್ಟಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ನಾವು ಐವರು ಇಟ್ಟಿರಲಿಲ್ಲ. ಅದರ ಬದಲು ಪತ್ರಿಕೆಗೆ ಕೊಟ್ಟ ಪ್ರಕಟಣೆಯಲ್ಲಿ 'ತ್ಯಾಗಮಯಿ' ಎಂಬ ಒಂದು ಪದ ಬರೆಸಿದ್ದೆವು.

ತಾಯಂದಿರನ್ನು ನೆನೆಯುವಾಗ ನಾವೆಲ್ಲರೂ ಬಳಸುವ ಈ ಪದ ಕೃತಜ್ಞತೆಯದೇ, ಅಥವಾ ಬಾಕಿ ತೀರಿಸದೆ ಲೆಕ್ಕದ ಪುಸ್ತಕ ಮುಚ್ಚುವ ಉಪಾಯವೇ? ನಮ್ಮ ಉಮ್ಮನ ಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ. ಅವರ ಬದುಕಿನಲ್ಲಿ ವಿಶೇಷವೇನೂ ಇಲ್ಲ. ಓದುಗರಲ್ಲಿ ಹಲವರು ಇಲ್ಲಿ ತಮ್ಮ ಮನೆಯ ತಾಯಿಯನ್ನೋ ಅಜ್ಜಿಯನ್ನೋ ಕಂಡರೆ ಆಶ್ಚರ್ಯವಿಲ್ಲ.

ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ದಂಡೆಗೆ ಹತ್ತಿರದ ಒಂದು ಸಣ್ಣ ಪೇಟೆ ನಮ್ಮದು. ಉಮ್ಮ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ, ಅವರ ಓರಗೆಯ ಅನೇಕರಿಗೆ ಇರುವಂತೆ, ಜನವರಿ 1 ಎಂದಿತ್ತು. ಅವರ ಕಾಲಗಣನೆಯೇ ಬೇರೆ. 1974ರಲ್ಲಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ನೆರೆ ಅವರ ಪಂಚಾಂಗದ ಮೊದಲ ಪುಟ. ಒಬ್ಬ ಮಗ ನೆರೆಗೆ ಮುಂಚೆ, ಒಬ್ಬಳು ಮಗಳು ನೆರೆಯ ವರ್ಷ, ಉಳಿದ ಮೂವರು ನೆರೆಯ ನಂತರ. ಮಕ್ಕಳಾದ ನಮಗೆ ಅವರು ಉಮ್ಮ, ನಮ್ಮ ಹದಿನಾಲ್ಕು ಮಕ್ಕಳಿಗೆ ಅಜ್ಜಿ.

ಮದುವೆಯಾಗಿ ಬಂದ ವರ್ಷದಿಂದಲೇ ಅವರು ಬೀಡಿ ಕಟ್ಟಿದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ನೀರಿನಲ್ಲಿ ನೆನೆಸಿ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಕತ್ತರಿಯಿಂದ ಅಳತೆಗೆ ಕತ್ತರಿಸಿ, ಪುಡಿ ಹಾಕಿ ಸುರುಟಿ, ತುದಿ ಮಡಚಿ, ನೂಲು ಸುತ್ತಬೇಕು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ. ಬ್ರಾಂಚಿನಲ್ಲಿ ಕಳಪೆಯೆಂದು ಬದಿಗೆ ಹಾಕಿದ್ದಕ್ಕೆ ಮಜೂರಿಯಿಲ್ಲ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಣ ಹಾಕಿ ಎಲೆ ತರಬೇಕು. ನಮ್ಮ ಶಾಲೆಯ ಪುಸ್ತಕ, ಮಳೆಗಾಲದ ಅಕ್ಕಿ, ತಂದೆಯವರ ಕೆಮ್ಮಿನ ಔಷಧ ಇವೆಲ್ಲ ಬಂದದ್ದು ಆ ಗೆರಸೆಯಿಂದ.

ಬೀಡಿ ಕಾರ್ಮಿಕರ ಕಾಯಿದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಅದು ಕಾರ್ಮಿಕರೆಂದು ಒಪ್ಪಿತು. ಉದ್ಯಮದ ಮಾಲಕರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿಯೂ ಈ ಕಾರ್ಮಿಕರಿಗೆ ಅನ್ವಯವಾಯಿತು. ಆದರೆ ಇದೆಲ್ಲವೂ ಸಿಗಬೇಕಾದರೆ ಪಾಸ್‌ಬುಕ್ಕಿನಲ್ಲಿ ಹೆಸರಿರಬೇಕು. ನಮ್ಮ ಮನೆಯ ಪಾಸ್‌ಬುಕ್ ಇದ್ದದ್ದು ನಮ್ಮ ತಂದೆಯ ತಾಯಿಯ ಹೆಸರಿನಲ್ಲಿ. ಅವರ ಕಣ್ಣು ಮಂಜಾಗಿ ಗೆರಸೆ ಬಿಟ್ಟ ಮೇಲೂ ಉಮ್ಮ ಕಟ್ಟಿದ ಬೀಡಿ ಅವರ ಹೆಸರಿಗೇ ಏರುತ್ತಿತ್ತು. ಉಮ್ಮನ ಹೆಸರಿಗೆ ಪಾಸ್‌ಬುಕ್ ಆದದ್ದು ಅತ್ತೆ ತೀರಿಕೊಂಡ ಮೇಲೆ. ಕೊನೆಗಾಲದಲ್ಲಿ ಅವರಿಗೆ ಬಂದ ಪುಟ್ಟ ಪಿಂಚಣಿಯಲ್ಲಿ ಮೊದಲ ಇಪ್ಪತ್ತು ವರ್ಷಗಳ ದುಡಿಮೆಯ ಗುರುತೇ ಇರಲಿಲ್ಲ. ಅವರು ಅತ್ತೆಗಾಗಿ ತ್ಯಾಗ ಮಾಡಿದರು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಪಾಸ್‌ಬುಕ್ ಯಾರ ಹೆಸರಿಗೆ ಇರಲಿ ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ ಎಂಬುದು ಈಗ ನಮಗೆ ಹೊಳೆಯುತ್ತಿದೆ.

ತವರುಮನೆಯ ಕತೆಯೂ ಹೀಗೆಯೇ. ಉಮ್ಮನ ತಂದೆ ಗೇಣಿಗೆ ಮಾಡುತ್ತಿದ್ದ ಭೂಮಿ 1974ರ ಭೂಸುಧಾರಣಾ ಕಾನೂನಿನ ನಂತರ ಡಿಕ್ಲರೇಶನ್ ಹಾಕಿ ಅವರದೇ ಆಯಿತು. ಅವರು ತೀರಿಕೊಂಡ ಮೇಲೆ ಉಮ್ಮನ ತಮ್ಮಂದಿರು ಒಂದು ದಿನ ಜೀಪಿನಲ್ಲಿ ಬಂದು ಅಕ್ಕನನ್ನು ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ಮಧ್ಯಾಹ್ನ ನೆಯ್ಚೋರಿನ ಊಟವಾಯಿತು, ಸಂಜೆ ಒಂದು ಸೀರೆಯ ಜೊತೆ ಮನೆಗೆ ಮುಟ್ಟಿಸಿದರು. "ಅಕ್ಕ ಮನಸಾರೆ ಬಿಟ್ಟುಕೊಟ್ಟರು" ಎಂದು ಮಾವಂದಿರು ಇಂದಿಗೂ ಹೇಳುತ್ತಾರೆ. ನಾವೂ ಹಾಗೆಯೇ ನಂಬಿದ್ದೆವು. ಆದರೆ ಆ ನಂತರದ ಎರಡು ಬಕ್ರೀದಿಗೆ ಉಮ್ಮ ತವರಿಗೆ ಹೋಗಲಿಲ್ಲ. ಬೀಡಿಯ ಕೆಲಸ ಹೆಚ್ಚಿದೆ ಎಂದಿದ್ದರು. ಆ ಸೀರೆಯನ್ನು ಅವರು ಉಟ್ಟದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಅಕ್ಷರ ಬಾರದವರ ಬದುಕನ್ನು ಓದಬೇಕಾದರೆ ಅವರು ಆಡಿದ ಮಾತಿನ ಜೊತೆಗೆ ಅವರು ಹೋಗದ ಮನೆ, ಉಡದ ಸೀರೆಗಳನ್ನೂ ಓದಬೇಕು.

ತ್ಯಾಗವೆಂದರೆ ತನ್ನ ಕೈಯಲ್ಲಿರುವುದನ್ನು ತಾನಾಗಿ ಬಿಡುವುದು. ಅದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ವಸ್ತು ಕೈಯಲ್ಲಿರಬೇಕು. ಎರಡನೆಯದು, ಬಿಡುವುದಿಲ್ಲ ಎನ್ನುವ ಅವಕಾಶವಿರಬೇಕು. ಉಮ್ಮ ಅಂದು ಹೆಬ್ಬೆಟ್ಟು ಒತ್ತುವುದಿಲ್ಲ ಎಂದಿದ್ದರೆ ತವರಿನ ಬಾಗಿಲು ಅವರಿಗೆ ತೆರೆದಿರುತ್ತಿತ್ತೇ? ಹೆರಿಗೆಗೆ, ಬಾಣಂತನಕ್ಕೆ, ಗಂಡನ ಮನೆಯಲ್ಲಿ ಮಾತು ಬಂದಾಗ ಹೋಗಿ ಎರಡು ದಿನ ನಿಲ್ಲುವುದಕ್ಕೆ ಅವರಿಗಿದ್ದದ್ದು ಅದೊಂದೇ ಬಾಗಿಲು. ಒಂದು ಕೈಯಲ್ಲಿ ಪಾಲು, ಇನ್ನೊಂದು ಕೈಯಲ್ಲಿ ತವರು ಎಂದು ಇಟ್ಟು ಆರಿಸಿಕೋ ಎಂದರೆ ಅದು ಆಯ್ಕೆಯಲ್ಲ. ಕೊಡದೇ ಇದ್ದದ್ದನ್ನು ಬಿಟ್ಟುಕೊಟ್ಟರು ಎನ್ನುವುದೂ, ಕಸಿದುಕೊಂಡದ್ದನ್ನು ದಾನ ಮಾಡಿದರು ಎನ್ನುವುದೂ ಭಾಷೆಗೆ ಮಾಡುವ ಅನ್ಯಾಯ. ಸತ್ತವರಿಗೆ ಮಾಡುವ ಅನ್ಯಾಯವೂ ಹೌದು.

ಹಾಗೆಂದು ಉಮ್ಮನನ್ನು ಬರಿಯ ಪಾಪದ ಹೆಂಗಸನ್ನಾಗಿ ಮಾಡಿಬಿಟ್ಟರೆ ಅದೂ ಸುಳ್ಳೇ. ಅವರು ನಿಜವಾಗಿ ಕೊಟ್ಟದ್ದಕ್ಕೂ ಲೆಕ್ಕವಿದೆ. ನಮ್ಮ ಜಗಲಿಯಲ್ಲಿ ಉಮ್ಮನ ಜೊತೆ ಕುಳಿತು ಬೀಡಿ ಕಟ್ಟುತ್ತಿದ್ದವರಲ್ಲಿ ಪಕ್ಕದ ಮನೆಯ ತುಳು ಮಾತಾಡುವ ಹೆಂಗಸೊಬ್ಬರಿದ್ದರು. ಅವರು ಬಾಣಂತಿಯಾಗಿ ಜ್ವರ ಹಿಡಿದು ಮಲಗಿದ ಎರಡು ತಿಂಗಳು ಉಮ್ಮ ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಅವರ ಪಾಲಿನ ಬೀಡಿಯನ್ನೂ ಕಟ್ಟಿ, ಅವರದೇ ಪಾಸ್‌ಬುಕ್ಕಿಗೆ ಹಾಕಿಸಿದರು. ಕೆಲಸ ನಿಂತರೆ ಬ್ರಾಂಚಿನಲ್ಲಿ ಹೆಸರು ಹೊಡೆದುಹಾಕುತ್ತಾರೆ ಎಂಬ ಭಯ ಆಕೆಗಿತ್ತು. ತಂದೆಯವರು ಬೈದರು, ನಾವು ಮಕ್ಕಳು ಮುಖ ಸಿಂಡರಿಸಿದೆವು. ಉಮ್ಮ ಕೇಳಲಿಲ್ಲ. ಬೇಡವೆಂದವರ ಎದುರು ನಿಂತು, ತನ್ನ ನಿದ್ದೆಯನ್ನು ತಾನೇ ಬಿಟ್ಟು ಮಾಡಿದ ಕೆಲಸವದು. ಅದನ್ನು ತ್ಯಾಗ ಎನ್ನೋಣ. ಮೊದಲ ಇಪ್ಪತ್ತು ವರ್ಷಗಳ ಕಳೆದುಹೋದ ದುಡಿಮೆಯನ್ನೂ ಈ ಎರಡು ತಿಂಗಳ ಇರುಳುಗಳನ್ನೂ ಒಂದೇ ಪದದಿಂದ ಕರೆದರೆ, ಅವರು ಸ್ವಂತ ಇಚ್ಛೆಯಿಂದ ಮಾಡಿದ ಒಳ್ಳೆಯ ಕೆಲಸದ ಬೆಲೆಯನ್ನೂ ನಾವು ಕಳೆದಂತಾಗುತ್ತದೆ.

ಇನ್ನು ನಮ್ಮದೇ ಕತೆಗೆ ಬರೋಣ. 1990ರ ದಶಕದ ಆರಂಭದಲ್ಲಿ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಮ್ಮ ಬೀದಿಯ ಶಾಲೆಯಲ್ಲಿ ಸಂಜೆ ತರಗತಿ ಶುರುವಾಯಿತು. ಉಮ್ಮ ಅರಬಿ ಅಕ್ಷರ ಕೂಡಿಸಿ ಕುರ್‌ಆನ್ ಓದುತ್ತಿದ್ದರು, ಕನ್ನಡ ಬಾರದು. ಒಂದು ಸ್ಲೇಟು ಹಿಡಿದು ಅವರೂ ಹೊರಟರು. ಮೂರು ವಾರ ಹೋದರು. ಮನೆಯಲ್ಲಿ ನಾವು ಅವರನ್ನು ಟೀಚರಮ್ಮ ಎಂದು ಕರೆದು ನಗುತ್ತಿದ್ದೆವು. ರಾತ್ರಿಯ ಗಂಜಿ ತಡವಾಯಿತೆಂದು ಒಮ್ಮೆ ನಮ್ಮಲ್ಲೊಬ್ಬರು ತಟ್ಟೆ ದೂಡಿದ್ದೂ ಉಂಟು. ನಾಲ್ಕನೆಯ ವಾರ ಸ್ಲೇಟು ಅಟ್ಟ ಸೇರಿತು. ಅಷ್ಟರಲ್ಲಿ ಅವರು ತಮ್ಮ ಹೆಸರು ಬರೆಯಲು ಕಲಿತಿದ್ದರು.

1998ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ನಾವೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆವು. ಗುಮಾಸ್ತರು ಅಭ್ಯಾಸದಂತೆ ಶಾಯಿಯ ಪ್ಯಾಡನ್ನು ಉಮ್ಮನ ಕಡೆ ಸರಿಸಿದಾಗ ಅವರು ಕೈ ಹಿಂದೆಳೆದುಕೊಂಡು "ಬೇಡ ಸಾರ್, ನನಗೆ ಬರೆಯಲು ಬರುತ್ತದೆ" ಎಂದರು. ಪೆನ್ನು ಹಿಡಿದು ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದರು. ಈ ಘಟನೆಯನ್ನು ನಾವು ಎಷ್ಟೋ ಮದುವೆ ಮನೆಗಳಲ್ಲಿ, ಎಷ್ಟೋ ನೆಂಟರೆದುರು ಹೆಮ್ಮೆಯಿಂದ ಹೇಳಿದ್ದೇವೆ. ಆದರೆ ಅವರು ಸಹಿ ಹಾಕಿದ ಕಾಗದ ಯಾವುದೆಂದು ಒಮ್ಮೆಯೂ ಹೇಳಿರಲಿಲ್ಲ. ಅದೂ ಹಕ್ಕು ಬಿಡುಗಡೆ ಪತ್ರವೇ. ಹೆಸರು ಕಡಿಮೆಯಿದ್ದರೆ ಮುಂದೆ ಮನೆ ದುರಸ್ತಿಗೆ ಸುಲಭ ಎಂದು ನಾವು ಮೂವರು ಗಂಡುಮಕ್ಕಳು ಮನೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಉಮ್ಮನೂ ಇಬ್ಬರು ಸಹೋದರಿಯರೂ ಬರೆದುಕೊಟ್ಟರು. ತಮ್ಮಂದಿರಿಗೆ ಹೆಬ್ಬೆಟ್ಟು ಒತ್ತಿಕೊಟ್ಟ ಅದೇ ಹೆಂಗಸು ಮಕ್ಕಳಿಗೆ ಸಹಿ ಹಾಕಿಕೊಟ್ಟರು. ಅಕ್ಷರ ಕಲಿತದ್ದರಿಂದ ಆದ ವ್ಯತ್ಯಾಸ ಅಷ್ಟೇ. ಮಾವಂದಿರನ್ನು ದೂರುವ ಹಕ್ಕು ನಮಗಿಲ್ಲ.

ಉಮ್ಮನ ಮಹ್ರ್‌ನ ವಿಷಯವೂ ಇದೆ. ಮೂರು ಪವನಿನ ಸರ. ಕಿವಿಯ ಅಲಿಕತ್ತಿನ ಜೊತೆಗೆ ಅದೂ 1985ರಲ್ಲಿ ಅಣ್ಣನ ಸೌದಿ ವೀಸಾಕ್ಕೆ ಹೋಯಿತು. ಬಿಚ್ಚಿಕೊಡುವಾಗ ಉಮ್ಮ ಹೇಳಿದ್ದು, "ಈಗ ಹೋಗು, ಆಮೇಲೆ ನೋಡೋಣ." ಅಂಗಡಿಯವರಿಗೂ ಅವರು ಹೇಳಿದ್ದು ಆಮೇಲೆ ಎಂದೇ. ಆಮೇಲೆ ಎನ್ನುವುದು ದಾನ ಕೊಡುವವರ ಮಾತಲ್ಲ. ಅಂಗಡಿಯವರಿಗೆ ಅದು ಸಾಲವೆಂದು ಅರ್ಥವಾಗಿತ್ತು, ನಮಗೆ ಪ್ರೀತಿಯೆಂದು ಅರ್ಥವಾಯಿತು.

ಇಂತಹ ಲೆಕ್ಕವನ್ನು ನಾವು ತೆಗೆದಾಗ ಅಣ್ಣ ನೊಂದುಕೊಂಡರು. "ಉಮ್ಮನ ಪ್ರೀತಿಗೆ ಲೆಕ್ಕ ಹಾಕುತ್ತೀರಾ? ತಾಯಿಯ ಋಣ ತೀರಿಸಲು ಯಾರಿಂದ ಆಗುತ್ತದೆ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂಬತ್ತು ತಿಂಗಳು ಹೊತ್ತದ್ದಕ್ಕೆ, ಎದೆಹಾಲಿಗೆ, ಜ್ವರದ ರಾತ್ರಿಗಳಿಗೆ ಬೆಲೆ ಕಟ್ಟುವುದು ಅಸಭ್ಯ. ಅದು ತೀರಿಸಲಾಗದ ಋಣ. ಆದರೆ ತೀರಿಸಲಾಗದ ಋಣವನ್ನು ಮುಂದೆ ಮಾಡಿ ತೀರಿಸಬಹುದಾದ ಸಾಲವನ್ನು ಮರೆಸುವುದು ಸರಿಯೇ? ಹಾಲಿನ ಋಣ ದೊಡ್ಡದೆಂಬ ಕಾರಣಕ್ಕೆ ಮೂರು ಪವನಿನ ಸಾಲ ಮನ್ನಾ ಆಗುವುದಿಲ್ಲ. ಪ್ರೀತಿಗೆ ಲೆಕ್ಕವಿಲ್ಲ ಎಂಬ ಮಾತು ಕೊಡುವವರ ಬಾಯಲ್ಲಿ ಚೆನ್ನ, ಪಡೆದವರ ಬಾಯಲ್ಲಿ ಅದೇ ಮಾತು ಬೇರೆ ಅರ್ಥ ಕೊಡುತ್ತದೆ.

ನಮ್ಮ ಧರ್ಮ ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಭಾವುಕವಾಗಿಲ್ಲ. ಉತ್ತಮ ಒಡನಾಟಕ್ಕೆ ಯಾರು ಹೆಚ್ಚು ಅರ್ಹರು ಎಂದು ಕೇಳಿದವನಿಗೆ ಪ್ರವಾದಿ(ಸ) ಮೂರು ಸಲ ತಾಯಿಯನ್ನೂ ನಾಲ್ಕನೆಯ ಸಲ ತಂದೆಯನ್ನೂ ಹೆಸರಿಸಿದ್ದು ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ತಾಯಿಯನ್ನು ಹೊಗಳಿ ಸುಮ್ಮನಾಗುವುದಿಲ್ಲ. ಹೆತ್ತವರೂ ಬಂಧುಗಳೂ ಬಿಟ್ಟುಹೋದದ್ದು ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಗಂಡಿಗೂ ಹೆಣ್ಣಿಗೂ ನಿಗದಿತ ಪಾಲಿದೆ ಎನ್ನುತ್ತದೆ. ಸಾಲ ತೀರಿಸಿದ ಮೇಲೆ ಮಗಳಿಗೆ ಎಷ್ಟು, ಮಕ್ಕಳಿರುವ ವಿಧವೆಗೆ ಎಂಟರಲ್ಲಿ ಒಂದು ಎಂದು ಎಣಿಸಿ ಹೇಳುತ್ತದೆ. ಮಹ್ರ್‌ನ ವಿಷಯದಲ್ಲಿ ಪತ್ನಿ ತಾನಾಗಿ ಸಂತೋಷದಿಂದ ಬಿಟ್ಟರೆ ಮಾತ್ರ ಪತಿ ಅದನ್ನು ಅನುಭವಿಸಬಹುದು ಎಂಬ ಷರತ್ತು ಹಾಕುತ್ತದೆ. ಅಂದರೆ ಸಹಿಯ ಹಿಂದೆ ಮನಸ್ಸಿದೆಯೇ ಎಂದು ನೋಡಬೇಕೆಂದಾಯಿತು. ನಮಾಝ್, ಉಪವಾಸ, ಝಕಾತ್‌ಗಳ ಗಂಟು ಹೊತ್ತು ಬಂದರೂ ಇತರರ ಹಕ್ಕು ಮುರಿದ ಕಾರಣಕ್ಕೆ ಆ ಪುಣ್ಯವೆಲ್ಲ ಅವರಿಗೆ ಹಂಚಿಹೋಗಿ ಬರಿಗೈಯಾಗುವವನೇ ನಿಜವಾದ ದಿವಾಳಿಕೋರ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ದಿನ ಹಕ್ಕು ಕೇಳಲು ನಿಂತವರ ಸಾಲಿನಲ್ಲಿ ನಮ್ಮ ತಾಯಿಯೂ ಇರಬಹುದೆಂದು ನಾವು ಯೋಚಿಸುವುದೇ ಇಲ್ಲ.

ಇದು ಮುಸ್ಲಿಮರ ಮನೆಯ ಮಾತಷ್ಟೇ ಅಲ್ಲ. ಹೆಣ್ಣಿಗೆ ಪಾಲಿಲ್ಲವೆಂಬ ಸ್ಥಳೀಯ ರೂಢಿಗಳನ್ನು ಬದಿಗೆ ಸರಿಸಲು 1937ರಲ್ಲಿ ಶರೀಅತ್ ಅನ್ವಯ ಕಾಯಿದೆ ಬಂತು. ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ಕೊಡಲು ಕರ್ನಾಟಕ 1994ರಲ್ಲೂ ಕೇಂದ್ರ ಸರ್ಕಾರ 2005ರಲ್ಲೂ ಕಾನೂನು ತಿದ್ದಿದವು. ಆದರೂ ಅರಿಶಿನ-ಕುಂಕುಮದ ಹೆಸರಿನಲ್ಲಿ ಅಕ್ಕತಂಗಿಯರು ಸಹಿ ಹಾಕಿ ಹೋಗುವುದನ್ನು ನಾವು ನೋಡುತ್ತೇವೆ. ನಮ್ಮಲ್ಲಿ ಸೀರೆ, ನೆಯ್ಚೋರು; ಅಲ್ಲಿ ರವಿಕೆ ಕಣ, ಕುಂಕುಮ. ಎರಡೂ ಕಡೆ ಪಾಲು ಕೇಳಿದವಳು ದುರಾಸೆಯವಳು, ಕೇಳದವಳು ದೇವತೆ. ಹೆಣ್ಣನ್ನು ದೇವತೆ ಮಾಡಲು ಖರ್ಚು ಕಡಿಮೆ.

ಉಮ್ಮ ತೀರಿಕೊಂಡು ಎರಡು ತಿಂಗಳಾದ ಮೇಲೆ ನಾವು ಐವರೂ ಅದೇ ಜಗಲಿಯಲ್ಲಿ ಕುಳಿತೆವು. ಉಸ್ತಾದರೊಬ್ಬರನ್ನು ಕೇಳಿ ಲೆಕ್ಕ ಹಾಕಿಸಿದೆವು. ತಂದೆಯವರ ಮನೆಯಲ್ಲಿ ಉಮ್ಮನಿಗೆ ಸೇರಬೇಕಾಗಿದ್ದ ಎಂಟನೆಯ ಒಂದು ಪಾಲನ್ನೂ ಕೂಡಿಸಿ ಹಂಚಿದರೆ ಒಟ್ಟು ಎಂಟು ಪಾಲಿನಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಇಷ್ಟು ಸುಲಭದ ಲೆಕ್ಕ. ಇದನ್ನು ಮಾಡಲು ನಮಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ಕಿರಿಯ ಸಹೋದರಿ ಮೊದಲು ನನಗೇನೂ ಬೇಡ ಎಂದಳು. ನಾವು ಒತ್ತಾಯಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡವೆಂದು ಹೇಳಿ ಹೇಳಿ ಅಭ್ಯಾಸವಾಗಿದೆ. ಬೇಕು" ಎಂದಳು. ಮೂರು ಪವನಿನ ಸಾಲವನ್ನು ಅಣ್ಣ ತಾವಾಗಿಯೇ ಒಪ್ಪಿಕೊಂಡರು. ಹೊಸ ಪತ್ರ ಬರೆಸುವ ಕೆಲಸ ನಡೆಯುತ್ತಿದೆ.

ಆದರೆ ಉಮ್ಮನಿಗೆ ಸೇರಬೇಕಾದದ್ದು ಈಗ ನಮ್ಮ ನಮ್ಮೊಳಗೇ ಹಂಚಿಹೋಗುತ್ತದೆ, ಅವರ ಕೈಗೆ ಬರುವುದಿಲ್ಲ ಎಂಬ ಸತ್ಯ ಹಾಗೇ ಇದೆ. ಆ ಮೂರು ವಾರಗಳ ಸ್ಲೇಟನ್ನಂತೂ ಯಾವ ಪಾಲಿನ ಲೆಕ್ಕದಿಂದಲೂ ಹಿಂದಿರುಗಿಸಲಾಗದು. ಇತರರಿಗೆ ಮಾಡಿದ ಅನ್ಯಾಯದಲ್ಲಿ ತೌಬಾ ಮಾಡಿದರಷ್ಟೇ ಸಾಲದು, ಅನ್ಯಾಯಕ್ಕೊಳಗಾದವರೂ ಕ್ಷಮಿಸಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ನಮಗೆ ಅವರಿಗಾಗಿ ದುಆ ಮಾಡಬಹುದು, ಅವರ ಹೆಸರಿನಲ್ಲಿ ದಾನ ಮಾಡಬಹುದು. ಕ್ಷಮಿಸಿದ್ದೀರಾ ಎಂದು ಕೇಳುವ ಅವಕಾಶ ಮಾತ್ರ ಮುಗಿಯಿತು. ಬಹುಶಃ ಅವರು ನಕ್ಕು ಆಮೇಲೆ ನೋಡೋಣ ಎನ್ನುತ್ತಿದ್ದರು.

ಮೊನ್ನೆ ಮೊಮ್ಮಗಳೊಬ್ಬಳು ಕಾಲೇಜಿನ ಯಾವುದೋ ಬರಹಕ್ಕಾಗಿ, ಅಜ್ಜಿಗೆ ಏನು ಇಷ್ಟವಿತ್ತು ಎಂದು ಕೇಳಿದಳು. ಅವರು ನಮಗೆ ಮಾಡಿಕೊಡುತ್ತಿದ್ದ ಅಡುಗೆಗಳ ಪಟ್ಟಿ ನಮ್ಮ ಬಾಯಲ್ಲಿತ್ತು. ಅವರಿಗೆ ಇಷ್ಟವಾದದ್ದೇನೆಂದು ಐವರಲ್ಲಿ ಒಬ್ಬರಿಗೂ ತಟ್ಟನೆ ಹೇಳಲಾಗಲಿಲ್ಲ. ಕೊನೆಗೆ ಅಕ್ಕ, "ಬರೆಯುವುದು ಇಷ್ಟವಿತ್ತು" ಎಂದರು. ಹಾಲು ಮತ್ತು ಮೊಟ್ಟೆಯ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವಾಗ ಉಮ್ಮ ಪ್ರತಿ ತಿಂಗಳ ಹಾಳೆಯ ಮೂಲೆಯಲ್ಲಿ ತಮ್ಮ ಹೆಸರನ್ನು ಒಮ್ಮೆ ಬರೆಯುತ್ತಿದ್ದರಂತೆ. ತಿಂಗಳು ಮುಗಿದೊಡನೆ ಆ ಹಾಳೆಗಳನ್ನು ಹರಿದು ಎಸೆಯುತ್ತಿದ್ದವರು ನಾವೇ.

ಜನಾಝಾದ ಹೊತ್ತಿನ ಆ ಮಾತನ್ನು ನಾವು ಇನ್ನೂ ಹೇಳುತ್ತೇವೆ, ಹೇಳಲೇಬೇಕು. ಅದರ ಜೊತೆಗೆ ಇನ್ನೊಂದು ಮಾತನ್ನು ಮನೆಯಲ್ಲಿ, ಬದುಕಿರುವಾಗಲೇ ಕೇಳುವ ರೂಢಿ ಬಂದರೆ ಎಷ್ಟು ಚೆನ್ನ! ತಾಯಿಯ ಎದುರು, ಪತ್ನಿಯ ಎದುರು, ತವರಿಗೆ ಬಂದ ಅಕ್ಕತಂಗಿಯರ ಎದುರು, ಅಡುಗೆ ಮನೆಯ ಹೊಸ್ತಿಲಲ್ಲಿ ಒಮ್ಮೆ ಕುಳಿತು ಕೇಳಬಹುದಾದ ಸಣ್ಣ ಪ್ರಶ್ನೆ: ನಿಮಗೆ ನಾವು ಏನು ಬಾಕಿ? ಮೊದಲ ಸಲ ಏನಿಲ್ಲ ಎಂಬ ಉತ್ತರ ಬಂದರೆ ಎದ್ದು ಹೋಗಬಾರದು. ಸ್ವಲ್ಪ ಹೊತ್ತು ಕಾಯಬೇಕು.